ಹಾಸ್ಟೆಲ್ ಹುಡುಗಿಯರ ಕೈಗೆ ಹೊಣೆ ಕೊಟ್ಟು ನಾನು ಕಲಿತದ್ದು

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗಿ, ಇಲ್ಲವೇ ಹೆಣ್ಣೂರು ರಸ್ತೆ ಹಿಡಿದು ಕೊತ್ತನೂರಿನ ಕಡೆಗೆ ಹೋಗಿ, ಕ್ರೈಸ್ತ ಸಂಸ್ಥೆಗಳ ಬೋರ್ಡುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಬಾಗಿಲು ತೆರೆಯಿತು, ಆಮೇಲೆ ಅದರ ಜೊತೆಗೇ ನರ್ಸಿಂಗ್ ಶಿಕ್ಷಣವೂ ಬಂತು. ಕೆ. ನಾರಾಯಣಪುರದಲ್ಲಿ 1999ರಲ್ಲಿ ಕ್ರಿಸ್ತು ಜಯಂತಿ, ಜಾಲಹಳ್ಳಿಯಲ್ಲಿ 2005ರಲ್ಲಿ ಸೇಂಟ್ ಕ್ಲಾರೆಟ್ ಶುರುವಾದವು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲಂತೂ ಈ ದಿಕ್ಕಿನ ದ್ರಾಕ್ಷಿ ತೋಟಗಳ ಜಾಗದಲ್ಲಿ ಕಾಲೇಜು, ಹಾಸ್ಟೆಲ್, ಪಿಜಿಗಳು ಎದ್ದವು. ಕೇರಳ, ಮಣಿಪುರ, ಮಿಜೋರಾಂ, ಜಾರ್ಖಂಡ್, ನಮ್ಮ ಬೀದರ್, ಮಡಿಕೇರಿ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಇವುಗಳ ನಡುವೆ ಇರುವ ಒಂದು ಸಣ್ಣ ಕ್ರೈಸ್ತ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ಮೊದಲು ಅಸಿಸ್ಟೆಂಟ್ ವಾರ್ಡನ್ ಆಗಿದ್ದೆ, ಈಗ ವಾರ್ಡನ್. ಕಾಲೇಜಿನ ಹೆಸರು ಬೇಡ. ಇಲ್ಲಿ ಹೇಳುವುದರಲ್ಲಿ ಹುಡುಗಿಯರ ಬದುಕೂ ಸೇರಿದೆ.

ಹಾಸ್ಟೆಲ್ ನಡೆಯುವುದು ವಾರ್ಡನ್ ಒಬ್ಬಳಿಂದಲ್ಲ. ಫ್ಲೋರ್ ಲೀಡರ್, ಮೆಸ್ ಸೆಕ್ರೆಟರಿ, ಪ್ರೇಯರ್ ಸೆಕ್ರೆಟರಿ, ಜನರಲ್ ಸೆಕ್ರೆಟರಿ ಎಂದು ಹತ್ತೊಂಬತ್ತು ಇಪ್ಪತ್ತರ ಹುಡುಗಿಯರಿಗೆ ಅವರದೇ ವಯಸ್ಸಿನವರ ಹೊಣೆ ಕೊಡುತ್ತೇವೆ. ಜೂನ್ ಬಂತೆಂದರೆ ಸುತ್ತಲಿನ ಹಾಸ್ಟೆಲುಗಳ ಹೊಸ ಸಹಾಯಕಿಯರು ಫೋನ್ ಮಾಡಿ, “ಅಕ್ಕ, ಲೀಡರ್‌ಗಳನ್ನ ಹೇಗೆ ಆರಿಸೋದು, ಏನು ಕೆಲಸ ಕೊಡೋದು?” ಎಂದು ಕೇಳುತ್ತಾರೆ. ಸಿದ್ಧ ಉತ್ತರ ನನ್ನ ಹತ್ತಿರ ಇಲ್ಲ. ಎಡವಿದ ಜಾಗಗಳನ್ನು ತೋರಿಸಬಲ್ಲೆ.

1. ಲೀಡರ್ ಕೈಯಲ್ಲಿ ದೂರಿನ ಪುಸ್ತಕ ಕೊಡಬಾರದು

ಸೇರಿದ ಹೊಸತರಲ್ಲಿ ಪ್ರತಿ ಫ್ಲೋರ್ ಲೀಡರ್‌ಗೂ ಒಂದೊಂದು ನೋಟ್‌ಬುಕ್ ಕೊಟ್ಟೆ. ಸ್ಟಡಿ ಅವರ್‌ನಲ್ಲಿ ಹರಟುವವರು, ಲೈಟ್ ಆರಿದ ಮೇಲೆ ಫೋನಿನಲ್ಲಿ ಮಾತಾಡುವವರು, ರೂಮಿನಲ್ಲಿ ಕೆಟಲ್ ಇಟ್ಟವರು, ಮೆಸ್ಸಿನಿಂದ ತಟ್ಟೆ ಮೇಲಕ್ಕೆ ಒಯ್ದವರು ಇಂಥವರ ಹೆಸರು ಬರೆದು ಶನಿವಾರ ನನ್ನ ಟೇಬಲ್ ಮೇಲಿಡಬೇಕು. ಮೊದಲ ತಿಂಗಳು ಹಾಸ್ಟೆಲ್ ಬಹಳ ಶಿಸ್ತಾಗಿದೆ ಅನ್ನಿಸಿತು. ಕಾರಿಡಾರಿನಲ್ಲಿ ಸದ್ದೇ ಇರಲಿಲ್ಲ. ಪ್ರಿನ್ಸಿಪಾಲರು ಹೊಗಳಿದರು, ನಾನೂ ಹಿಗ್ಗಿದೆ.

ಆಗಸ್ಟ್ ಹೊತ್ತಿಗೆ ಮೂರನೇ ಮಹಡಿಯ ಒಬ್ಬಳಿಗೆ ಜ್ವರ ಬಂತು. ಬೆಂಗಳೂರಿನ ಮಳೆಗಾಲ ಅಂದಮೇಲೆ ಡೆಂಗಿ ನೆನಪಾಗಬೇಕು, ಆದರೆ ನೆನಪಾಗುವುದಕ್ಕೆ ವಿಷಯ ನನಗೆ ತಿಳಿದಿದ್ದರಲ್ಲವೇ? ರೂಮ್‌ಮೇಟ್‌ಗಳು ಅನ್ನ, ರಸವನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಶಾಲಿನೊಳಗೆ ಮುಚ್ಚಿಕೊಂಡು ಒಯ್ಯುತ್ತಿದ್ದರು. ಲೀಡರ್ ಎದುರಾದರೆ ಮೆಟ್ಟಿಲಿನಲ್ಲೇ ನಿಂತು ಮಾತು ಬದಲಿಸುತ್ತಿದ್ದರು. ಊಟ ಮೇಲಕ್ಕೆ ಒಯ್ದದ್ದು ಗೊತ್ತಾದರೆ ಹೆಸರು ಬರೆಯುತ್ತಾಳೆ, ಹೆಸರು ಬರೆದರೆ ಮನೆಗೆ ಫೋನ್ ಹೋಗುತ್ತದೆ ಎಂಬ ಭಯ. ಆ ಹುಡುಗಿ ಬಾತ್‌ರೂಮಿನಲ್ಲಿ ತಲೆಸುತ್ತಿ ಬಿದ್ದ ರಾತ್ರಿಯೇ ನನಗೆ ತಿಳಿದದ್ದು. ಆಸ್ಪತ್ರೆ ತಲುಪುವಷ್ಟರಲ್ಲಿ ಪ್ಲೇಟ್‌ಲೆಟ್ ತೀರ ಇಳಿದಿತ್ತು. ಮಗು ಉಳಿಯಿತು. ಅವಳ ತಂದೆ ಹಾಸನದ ಕಡೆಯಿಂದ ರಾತ್ರಿ ಬಸ್ಸಿಗೆ ಬಂದು, ನನ್ನನ್ನು ಒಂದು ಮಾತೂ ಅನ್ನದೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವರ ಪಕ್ಕ ಕೂರುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಆ ಮಹಡಿಯ ಲೀಡರ್ ಬಂದು ನೋಟ್‌ಬುಕ್ ಟೇಬಲ್ ಮೇಲಿಟ್ಟಳು. “ಮಿಸ್, ನಾನು ಬಂದ್ರೆ ಎಲ್ರೂ ಮಾತು ನಿಲ್ಲಿಸ್ತಾರೆ. ಮೆಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ನನಗೇ ಜ್ವರ ಬಂದಿದ್ರೆ ನಾನು ಯಾರಿಗೆ ಹೇಳ್ಬೇಕಿತ್ತು?” ಎಂದಳು. ಅವಳನ್ನು ಗೆಳತಿಯರಿಂದ ಕಿತ್ತು ನನ್ನ ಕಣ್ಣು ಮಾಡಿಕೊಂಡಿದ್ದೆ. ಆ ಕಣ್ಣಿಗೆ ಯಾರೂ ಏನನ್ನೂ ತೋರಿಸುತ್ತಿರಲಿಲ್ಲ.

ಅಂದೇ ಎಲ್ಲ ನೋಟ್‌ಬುಕ್‌ಗಳನ್ನು ವಾಪಸ್ ತೆಗೆದುಕೊಂಡೆ. ಈಗ ಲೀಡರ್ ನನಗೆ ಹೇಳಲೇಬೇಕಾದದ್ದು ಮೂರೇ: ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ, ರ‍್ಯಾಗಿಂಗ್ ನಡೆದರೆ, ಯಾರಾದರೂ ಯಾರ ಮೈಮೇಲಾದರೂ ಕೈ ಹಾಕಿದರೆ. ಈ ಮೂರನ್ನು ಜೂನ್‌ನಲ್ಲೇ ಎಲ್ಲ ಹುಡುಗಿಯರ ಎದುರಿಗೆ ಜೋರಾಗಿ ಓದುತ್ತೇವೆ. ಉಳಿದದ್ದನ್ನು ಹೇಳುವುದು ಬಿಡುವುದು ಅವಳ ವಿವೇಕ. ಕೆಟಲ್ ಹುಡುಕುವುದು ನನ್ನ ಕೆಲಸ, ಅದಕ್ಕೆ ನನಗೆ ಸಂಬಳ ಬರುತ್ತದೆ. ಇನ್ನು, ಕಾಯಿಲೆಯವರಿಗೆ ಊಟ ಮೇಲಕ್ಕೆ ಒಯ್ಯಲು ಮೆಸ್ಸಿನ ಬಾಗಿಲಲ್ಲೇ ಡಬ್ಬಿಗಳನ್ನು ಇಟ್ಟಿದ್ದೇವೆ. ಯಾವ ಡಬ್ಬಿ ಯಾವ ರೂಮಿಗೆ ಹೋಯಿತು ಅಂತ ಅಡುಗೆಯ ಅಕ್ಕ ನೋಡಿಕೊಳ್ಳುತ್ತಾರೆ. ಒಂದೇ ರೂಮಿಗೆ ಎರಡನೇ ದಿನವೂ ಡಬ್ಬಿ ಹೋದರೆ ನಾನು ಮೆಟ್ಟಿಲು ಹತ್ತುತ್ತೇನೆ.

2. ಪ್ರಾರ್ಥನೆಯಲ್ಲಿ ಮುಂದಿರುವವಳೇ ಲೀಡರ್ ಆಗಬೇಕಿಲ್ಲ

ನಮ್ಮಲ್ಲಿ ರಾತ್ರಿ ಊಟಕ್ಕೆ ಮುಂಚೆ ಚಾಪೆಲ್‌ನಲ್ಲಿ ಪ್ರಾರ್ಥನೆ ಇರುತ್ತದೆ. ಚೆನ್ನಾಗಿ ಹಾಡುವ, ಬೈಬಲ್ ಓದುವ ಹುಡುಗಿಯರು ನಮ್ಮ ಕಣ್ಣಿಗೆ ಬೇಗ ಬೀಳುತ್ತಾರೆ. ಬಹಳ ದಿನ ಲೀಡರ್‌ಗಳೆಲ್ಲ ಅವರಲ್ಲೇ ಆಗುತ್ತಿದ್ದರು. ಯಾರೂ ಹಾಗೆ ನಿಯಮ ಮಾಡಿರಲಿಲ್ಲ, ರೂಢಿಯಲ್ಲಿ ಬಂದಿತ್ತು. ಆದರೆ ಹಾಸ್ಟೆಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಂದೂಗಳು, ಮುಸ್ಲಿಮರು. ಲೀಡರ್ ಆಗಬೇಕಾದರೆ ಚಾಪೆಲ್‌ನಲ್ಲಿ ಕಾಣಿಸಿಕೊಳ್ಳಬೇಕು ಎಂದು ಅವರಿಗೆ ಅರ್ಥವಾಗಿತ್ತು. ಕೆಲವರು ಅದಕ್ಕೆಂದೇ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ಅದನ್ನು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಈಗ ಅದು ನೆನಪಾದಾಗ ಸಂಕಟವಾಗುತ್ತದೆ.

ಕಣ್ಣು ತೆರೆಸಿದವಳು ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಹೆಂಗಸು. “ಮೇಡಂ, ನೀವು ಯಾರನ್ನೋ ಲೀಡರ್ ಅಂತೀರ. ಹುಡುಗೀರೆಲ್ಲ ಕಷ್ಟ ಹೇಳ್ಕೊಳೋದು ಆ ಕಲಬುರಗಿ ಹುಡುಗಿ ಹತ್ರ” ಎಂದಳು. ಆ ಕಲಬುರಗಿಯ ಹುಡುಗಿ ಮುಸ್ಲಿಂ, ಬಿ.ಕಾಂ. ಎರಡನೇ ವರ್ಷ. ನನ್ನ ಪಟ್ಟಿಯಲ್ಲಿ ಅವಳ ಹೆಸರು ಎಂದೂ ಬಂದಿರಲಿಲ್ಲ. ಮುಂದಿನ ವರ್ಷ ಅವಳನ್ನೇ ಜನರಲ್ ಸೆಕ್ರೆಟರಿ ಮಾಡಿದೆವು. ಕ್ರಿಸ್‌ಮಸ್ ಕ್ಯಾರಲ್ ತಂಡಕ್ಕೆ ಬಸ್ಸು ಗೊತ್ತುಮಾಡುವುದರಿಂದ ಹಿಡಿದು ಕೇಕ್ ಹಂಚುವವರೆಗೆ ಅವಳು ನಡೆಸಿದಷ್ಟು ಅಚ್ಚುಕಟ್ಟಾಗಿ ಅದುವರೆಗೆ ಯಾರೂ ನಡೆಸಿರಲಿಲ್ಲ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ನಮ್ಮವರು ಅದನ್ನು ಬಾಯಿಪಾಠ ಹೇಳುತ್ತಾರೆ. ಅದಕ್ಕೂ ಮೊದಲು 28(3) ಬರುತ್ತದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಕಾನೂನು ಹಾಗಿರಲಿ, ನಾನು ನಂಬುವ ದೇವರಿಗೂ ಬಲವಂತದ ಹಾಜರಿ ಬೇಕಿಲ್ಲ ಎಂದೇ ನನ್ನ ನಂಬಿಕೆ. ಈಗ ಆ ಅರ್ಧ ಗಂಟೆಯನ್ನು ಬಯಸಿದವರು ಚಾಪೆಲ್‌ನಲ್ಲಿ ಕಳೆಯುತ್ತಾರೆ, ಉಳಿದವರು ರೀಡಿಂಗ್ ರೂಮಿನಲ್ಲಿ ಮೌನವಾಗಿರುತ್ತಾರೆ. ಹಾಜರಿ ಎರಡೂ ಕಡೆ ಇಲ್ಲ. ಚಾಪೆಲ್‌ಗೆ ಬರುವವರ ಸಂಖ್ಯೆ ಇಳಿಯಿತು. ಹಾಡು ಮಾತ್ರ ಮೊದಲಿಗಿಂತ ಚೆನ್ನಾಗಿದೆ.

ಆಯ್ಕೆಯ ಬಗ್ಗೆ ಇನ್ನೊಂದು ಮಾತು. ಕರ್ನಾಟಕದ ಕಾಲೇಜುಗಳಲ್ಲಿ 1980ರ ದಶಕದ ಕೊನೆಯಿಂದ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿದೆ. 2006ರ ಲಿಂಗ್ಡೋ ಸಮಿತಿ ಚುನಾವಣೆ ಹೇಗೆ ನಡೆಯಬೇಕೆಂದು ವಿವರವಾಗಿ ಹೇಳಿತು, ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು ಎಂಬುದನ್ನೂ ಸೇರಿಸಿ. ಆದರೂ ನಮ್ಮ ಮಕ್ಕಳಿಗೆ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಅಭ್ಯಾಸ ಕಾಲೇಜಿನಲ್ಲಿ ಸಿಗುವುದಿಲ್ಲ. ಹಾಸ್ಟೆಲಿನಲ್ಲಾದರೂ ಸಿಗಲಿ ಎಂದು ಫ್ಲೋರ್ ಲೀಡರ್ ಆಯ್ಕೆಯನ್ನು ಗುಟ್ಟಿನ ಮತದಾನಕ್ಕೆ ಬಿಟ್ಟಿದ್ದೇವೆ. ನಾನು ಒಪ್ಪದ ಹುಡುಗಿ ಗೆದ್ದದ್ದುಂಟು. ಅವಳೇ ಲೀಡರ್ ಆಗಿ ಮುಂದುವರಿದಳು.

3. ಮೆಸ್ ಸೆಕ್ರೆಟರಿಗೆ ಲೆಕ್ಕದ ಪುಸ್ತಕ ತೆರೆದು ತೋರಿಸಬೇಕು

ಹಾಸ್ಟೆಲಿನ ಜಗಳಗಳಲ್ಲಿ ಮುಕ್ಕಾಲು ಪಾಲು ಊಟದ್ದು. ಕರಾವಳಿಯವರಿಗೂ ಕೇರಳದವರಿಗೂ ಕುಸುಬಲಕ್ಕಿ ಬೇಕು, ನಮ್ಮ ಗದಗದ ಕಡೆಯವರಿಗೆ ರೊಟ್ಟಿ ಬೇಕು, ತುಮಕೂರಿನವರಿಗೆ ಮುದ್ದೆ. ಸಾಂಬಾರು ಮಾತ್ರ ಯಾರಿಗೂ ಬೇಡ. ಹಿಂದೆ ಮೆಸ್ ಸೆಕ್ರೆಟರಿ ಅಂದರೆ ದೂರು ಕೇಳಿ ನನಗೆ ತಲುಪಿಸುವವಳು, ನನ್ನ “ಆಗಲ್ಲ” ಅನ್ನು ಕೆಳಗೆ ತಲುಪಿಸುವವಳು. ಎರಡೂ ಕಡೆ ಬೈಸಿಕೊಂಡು ವರ್ಷದ ನಡುವೆ ಒಬ್ಬಳು ರಾಜೀನಾಮೆ ಕೊಟ್ಟಳು. ಹಣದ ವಿಷಯ ಮಕ್ಕಳಿಗೆ ಯಾಕೆ ಎಂದು ನಾನು ಲೆಕ್ಕವನ್ನು ಬೀರುವಿನಲ್ಲಿಟ್ಟಿದ್ದೆ.

ಅವಳ ನಂತರ ಬಂದವಳು ಕೇಳಿದ ಮೊದಲ ಪ್ರಶ್ನೆಯೇ “ಮಿಸ್, ಒಬ್ಬರ ಊಟಕ್ಕೆ ದಿನಕ್ಕೆ ಎಷ್ಟು ಬೀಳುತ್ತೆ?” ಲೆಕ್ಕದ ಪುಸ್ತಕ ಅವಳ ಮುಂದಿಟ್ಟೆ. ಒಂದು ಬೆಳಗಿನ ಜಾವ ಅವಳನ್ನೂ ಅಡುಗೆಯ ಅಕ್ಕನನ್ನೂ ಕರೆದುಕೊಂಡು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋದೆ. ಈರುಳ್ಳಿ ಮೂಟೆಯ ಬಾಯಿ ಬಿಚ್ಚಿ, ಮೇಲಿನ ಸಾಲಿನ ದಪ್ಪ ಗಡ್ಡೆಗಳನ್ನು ಸರಿಸಿ, ಕೈಯನ್ನು ಮೊಣಕೈವರೆಗೆ ಇಳಿಸಿ ಅಡಿಯ ಗಡ್ಡೆ ತೆಗೆದು ಅಮುಕಿ ನೋಡುವುದನ್ನು ಅಕ್ಕ ಅವಳಿಗೆ ಕಲಿಸಿದರು. ಕುತ್ತಿಗೆಯ ಹತ್ತಿರ ಮೆತ್ತಗಿದ್ದರೆ ಆ ಮೂಟೆ ಬೇಡ, ವಾರದೊಳಗೆ ಕೊಳೆಯುತ್ತದೆ. ಅವಳು ವಾಪಸ್ ಬಂದು ನೋಟಿಸ್ ಬೋರ್ಡಿನಲ್ಲಿ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್ ಯಾವುದಕ್ಕೆ ಎಷ್ಟು ಎಂದು ಬರೆದು ಹಾಕಿದಳು. 2023ರ ಜುಲೈನಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಹುಣಸೆಹಣ್ಣಿನ ಸಾರು ಮಾಡೋಣ ಎಂದು ಆಗಿನ ಮೆಸ್ ಕಮಿಟಿಯೇ ಮುಂದೆ ಬಂದದ್ದು ಈ ಅಭ್ಯಾಸದಿಂದ.

ಮಣಿಪುರ, ನಾಗಾಲ್ಯಾಂಡಿನ ಹುಡುಗಿಯರ ಅಡುಗೆಯ ವಿಷಯದಲ್ಲಿ ಮಾತ್ರ ನಾನು ತಪ್ಪಿದ್ದು ಬೇರೆ ರೀತಿ. ಊರಿನಿಂದ ಬಂದ ಹುದುಗಿಸಿದ ಸೋಯಾ, ಒಣಮೀನು ರೂಮಿನಲ್ಲಿ ಬೇಯಿಸಿದರೆಂದು ದೂರು ಬಂತು. ನಾನು ವಾಸನೆಯ ಪದಾರ್ಥ ತರಬಾರದು ಎಂದು ನೋಟಿಸ್ ಹಾಕಿದೆ. ನಮ್ಮ ಮನೆಯಲ್ಲಿ ಒಣಮೀನು ಹುರಿದಾಗ ಕೇರಿಗೆಲ್ಲ ಗೊತ್ತಾಗುತ್ತಿತ್ತು, ಅದು ನಮಗೆ ಹಸಿವಿನ ವಾಸನೆ. ಅದನ್ನು ಮರೆತು ಬರೆದ ನೋಟಿಸು ಅದು. ಅದನ್ನು ಕಿತ್ತುಹಾಕಿಸಿದವರು ಕನ್ನಡದ ಇಬ್ಬರು ಫ್ಲೋರ್ ಲೀಡರ್‌ಗಳು. ಈಗ ಹಿಂದಿನ ವರಾಂಡದಲ್ಲಿ ಒಂದು ಗ್ಯಾಸ್ ಒಲೆ ಇದೆ. ಶನಿವಾರ ಸಂಜೆ ಯಾರು ಬೇಕಾದರೂ ತಮ್ಮೂರಿನ ಅಡುಗೆ ಮಾಡಿಕೊಳ್ಳಬಹುದು. ಹೆಸರು ಹಚ್ಚಿಕೊಂಡು ಸರದಿ ಕಾಯುತ್ತಾರೆ.

4. ಭಯಪಟ್ಟವರಿಗೆ “ಏನೂ ಆಗಲ್ಲ” ಅನ್ನಬಾರದು

2012ರ ಆಗಸ್ಟ್ 15. ಧ್ವಜ ಹಾರಿಸಿ ಮಿಠಾಯಿ ಹಂಚಿ ಮುಗಿದಿತ್ತು. ಅಸ್ಸಾಮಿನ ಕೋಕ್ರಾಝಾರ್‌ನಲ್ಲಿ ಜುಲೈನಿಂದ ಗಲಭೆ. ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಮಧ್ಯಾಹ್ನ ನಾಲ್ಕೈದು ಹುಡುಗಿಯರು ನನ್ನ ಬಾಗಿಲಿಗೆ ಬಂದರು. ನಾನು “ಏನೂ ಆಗಲ್ಲ, ಸುಳ್ಳು ಸುದ್ದಿ, ಹೋಗಿ ಓದಿಕೊಳ್ಳಿ” ಎಂದು ಕಳಿಸಿದೆ. ನಾನು ಹೇಳಿದ್ದು ನಿಜವೇ, ಅದು ಸುಳ್ಳು ಸುದ್ದಿಯೇ ಆಗಿತ್ತು. ಆದರೆ ಅವರು ನನ್ನನ್ನು ಕೇಳಲು ಬಂದದ್ದು ಸುದ್ದಿ ನಿಜವೋ ಸುಳ್ಳೋ ಅಂತಲ್ಲ. ಊರಿನಲ್ಲಿ ತಾಯಂದಿರು ಅಳುತ್ತಿದ್ದಾರೆ, ನಾವೇನು ಮಾಡಬೇಕು ಅಂತ.

ಸಂಜೆಯ ಹೊತ್ತಿಗೆ ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಗುವಾಹಟಿ ರೈಲಿಗೆ ಸಾವಿರಾರು ಜನ ಸೇರಿದ್ದರು. ರೈಲ್ವೆಯವರು ವಿಶೇಷ ರೈಲು ಬಿಟ್ಟರು. ಗೃಹಮಂತ್ರಿಯಾಗಿದ್ದ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ, ಹೋಗಬೇಡಿ ಎಂದು ಬೇಡಿಕೊಂಡರು. 17ರಂದು ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ದೇಶಕ್ಕೆಲ್ಲ ಕಡಿವಾಣ ಹಾಕಿತು. ನಮ್ಮ ಹುಡುಗಿಯರು ನನಗೆ ಹೇಳದೆಯೇ ಬ್ಯಾಗ್ ಕಟ್ಟಿದ್ದರು.

ಆಗ ನಿಜವಾದ ಕೆಲಸ ಮಾಡಿದವಳು ಎರಡನೇ ಮಹಡಿಯ ಲೀಡರ್, ಮಿಜೋರಾಂನವಳು. ಹೋಗಿ ಅಂತಲೂ ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ. ಒಂದು ಹಾಳೆಯಲ್ಲಿ ಹೊರಡುವವರ ಹೆಸರು, ರೈಲು, ಜೊತೆಗಾರರು, ಮನೆಯ ಫೋನ್ ನಂಬರ್ ಬರೆದಳು. ಉಳಿಯುವವರನ್ನು ಒಂದೇ ಕಡೆ ಮಲಗಿಸಿದಳು. ಪ್ರತಿ ತಾಯಿಗೂ ತಾನೇ ಫೋನ್ ಮಾಡಿದಳು. ಪಕ್ಕದ ಚರ್ಚಿನ ಪಾಸ್ಟರಿಗೆ ಹೇಳಿ ಸ್ಟೇಷನ್ನಿಗೆ ವ್ಯಾನ್ ತರಿಸಿದಳು. ನಾನು ಆ ವ್ಯಾನಿನಲ್ಲಿ ಕೂತು ಹೋಗಿಬಂದೆ, ಅಷ್ಟೇ. ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಒಬ್ಬಳು ನನ್ನ ಕೈ ಹಿಡಿದು “ಮಿಸ್, ಅಟೆಂಡೆನ್ಸ್ ಕೊಡ್ತೀರಾ?” ಎಂದು ಕೇಳಿದಳು. ಪ್ರಾಣಭಯದಲ್ಲೂ ಆ ಮಗುವಿಗೆ ಎಪ್ಪತ್ತೈದು ಪರ್ಸೆಂಟಿನ ಚಿಂತೆ. ಕೊಡಿಸುತ್ತೇನೆ ಎಂದೆ. ಕೊಡಿಸಲು ಆಫೀಸಿನಲ್ಲಿ ಬಹಳ ಹೋರಾಡಬೇಕಾಯಿತು. ಬಹುಪಾಲು ಹುಡುಗಿಯರು ಸೆಪ್ಟೆಂಬರಿನಲ್ಲಿ ವಾಪಸ್ ಬಂದರು.

ಆ ಹಾಳೆಯ ನಮೂನೆಯನ್ನೇ ಇಂದಿಗೂ ಬಳಸುತ್ತೇವೆ. ಪ್ರತಿ ಮಹಡಿಗೂ ಒಂದು ಹಾಳೆ: ಯಾರು, ಯಾವ ಊರು, ಮನೆಯಲ್ಲಿ ಫೋನ್ ಎತ್ತುವವರು ಯಾರು, ಬೆಂಗಳೂರಿನಲ್ಲಿ ಯಾರಿದ್ದಾರೆ, ಯಾವ ಔಷಧಿ ತೆಗೆದುಕೊಳ್ಳುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕೆಲವರು ಹಾಸ್ಟೆಲಿನಲ್ಲೇ ಸಿಕ್ಕಿಕೊಂಡಾಗ, ಮೇ ತಿಂಗಳಲ್ಲಿ ಚಿಕ್ಕಬಾಣಾವರದಿಂದ ಶ್ರಮಿಕ್ ರೈಲುಗಳು ಹೊರಟಾಗ, ಸೇವಾಸಿಂಧುವಿನಲ್ಲಿ ಹೆಸರು ನೋಂದಾಯಿಸಲು ಆ ಹಾಳೆಗಳೇ ಕೈಗೆ ಬಂದವು.

5. “ಬರೀ ಪರಿಚಯ, ಮಿಸ್” ಅಂದರೆ ಎದ್ದು ಹೋಗಿ ನೋಡಬೇಕು

ಹೆಚ್ಚು ಹೇಳುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದು, ಅದರಲ್ಲೇ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. 2009ರ ಮಾರ್ಚ್‌ನಲ್ಲಿ ಹಿಮಾಚಲದ ಮೆಡಿಕಲ್ ಕಾಲೇಜೊಂದರಲ್ಲಿ ಅಮನ್ ಕಚ್ರೂ ಎಂಬ ವಿದ್ಯಾರ್ಥಿ ಸತ್ತ ಮೇಲೆ ಯುಜಿಸಿ ಕಟ್ಟುನಿಟ್ಟಾದ ನಿಯಮಗಳನ್ನು ತಂದಿತು. ಆದರೂ ಸೀನಿಯರ್‌ಗಳ ರೂಮಿನಲ್ಲಿ ಹೊಸಬಳೊಬ್ಬಳು ಹಾಡು ಹೇಳುತ್ತಾ ನಿಂತಿದ್ದನ್ನು ನೋಡಿ, “ಬರೀ ಪರಿಚಯ, ಮಿಸ್” ಎಂದ ಅವರ ಮಾತು ಕೇಳಿ, ಎಲ್ಲರೂ ನಗುತ್ತಿದ್ದಾರೆ ಎಂದು ನಾನು ಮುಂದೆ ಹೋಗಿದ್ದೆ. ಆ ಹೊಸಬಳು ನಗುತ್ತಿರಲಿಲ್ಲ. ಅದನ್ನು ಅವಳು ನನಗೆ ಹೇಳಿದ್ದು ಕೋರ್ಸ್ ಮುಗಿಸಿ ಟಿ.ಸಿ. ತೆಗೆದುಕೊಳ್ಳಲು ಬಂದಾಗ. ಹೊಸಬರನ್ನು ಬರಮಾಡಿಕೊಳ್ಳುವ ಕೆಲಸವನ್ನು ಈಗ ಲೀಡರ್‌ಗಳಿಗೆ ಬರೆದು ಕೊಟ್ಟಿದ್ದೇವೆ: ಟ್ರಂಕ್ ಎತ್ತಿಕೊಡುವುದು, ಬಕೆಟ್ ಎಲ್ಲಿ ಸಿಗುತ್ತದೆ ತೋರಿಸುವುದು, ಮೊದಲ ಭಾನುವಾರ ಶಿವಾಜಿನಗರಕ್ಕೋ ಮಲ್ಲೇಶ್ವರಕ್ಕೋ ಬಸ್ಸಿನಲ್ಲಿ ಜೊತೆಗೆ ಹೋಗಿಬರುವುದು.

6. ಗೆಳತಿಯ ದುಃಖವನ್ನು ಒಬ್ಬಳ ಹೆಗಲಿಗೇ ಹೊರಿಸಬಾರದು

ಒಬ್ಬ ಫ್ಲೋರ್ ಲೀಡರ್ ಇದ್ದಳು, ಬಹಳ ಮೃದು. ಅವಳ ಮಹಡಿಯ ಹುಡುಗಿಯೊಬ್ಬಳು ಖಿನ್ನತೆಗೆ ಬಿದ್ದು ರಾತ್ರಿಯಿಡೀ ಅಳುತ್ತಿದ್ದಳು. ಲೀಡರ್ ಪಕ್ಕದಲ್ಲೇ ಮಲಗಿ ಸಮಾಧಾನ ಮಾಡುತ್ತಿದ್ದಳು. ನಾನು ಮೀಟಿಂಗಿನಲ್ಲಿ ಎಲ್ಲರ ಎದುರು ಅವಳನ್ನು ಹೊಗಳಿದೆ, ಒಳ್ಳೆಯ ಸಮಾರಿತನ ಕಥೆಯನ್ನೂ ಸೇರಿಸಿದೆ. ಹೊಗಳಿದ್ದೇ ತಪ್ಪಾಯಿತು. ನನ್ನಿಂದ ಆಗುತ್ತಿಲ್ಲ ಎಂದು ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೆ. ಸೆಮಿಸ್ಟರ್ ಕೊನೆಗೆ ಲೀಡರ್ ಎರಡು ವಿಷಯಗಳಲ್ಲಿ ಫೇಲಾದಳು, ನಿದ್ದೆ ಬಾರದೆ ತಾನೇ ಡಾಕ್ಟರ ಹತ್ತಿರ ಹೋದಳು. “ಅವಳು ಏನಾದ್ರೂ ಮಾಡಿಕೊಂಡ್ರೆ ನಾನು ಮಲಗಿದ್ದೆ ಅಂತಾಗುತ್ತೆ ಅಂತ ಮಲಗ್ತಾನೇ ಇರಲಿಲ್ಲ ಮಿಸ್” ಎಂದಳು.

ನಿಮ್ಹಾನ್ಸ್ ಇರುವ ಊರಿನಲ್ಲಿದ್ದೇವೆ ನಾವು. 2022ರ ಅಕ್ಟೋಬರ್‌ನಿಂದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಪ್ರತಿ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೇವೆ. ಲೀಡರ್‌ಗಳಿಗೆ ಹೇಳುವುದು ಇಷ್ಟು: ಕೂತು ಕೇಳು, ಒಬ್ಬಳನ್ನೇ ಬಿಡಬೇಡ, ಆ ರಾತ್ರಿಯೇ ನನ್ನನ್ನು ಎಬ್ಬಿಸು. ಸಾಯುವ ಮಾತು ಬಂದರೆ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರೂ ನನಗೆ ಹೇಳಬೇಕು, ಆ ಆಣೆ ಮುರಿದ ಪಾಪ ಏನಾದರೂ ಇದ್ದರೆ ಅದು ನನ್ನದು. ಮಾರನೆಯ ದಿನ ಆ ಲೀಡರ್ ಕ್ಲಾಸಿಗೆ ಹೋಗದೆ ಮಲಗಬಹುದು. ಅವಳ ಹಾಜರಿ ನಾನು ನೋಡಿಕೊಳ್ಳುತ್ತೇನೆ.

ಎಬ್ಬಿಸಬೇಕಾದರೆ ವಾರ್ಡನ್ ಅಲ್ಲೇ ಇರಬೇಕಲ್ಲ. ಎಚ್. ನರಸಿಂಹಯ್ಯನವರು ಪ್ರಿನ್ಸಿಪಾಲರಾಗಿ, ವೈಸ್ ಚಾನ್ಸಲರ್ ಆಗಿಯೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಅವರ ಆಸ್ತಿಕತೆ ನಾಸ್ತಿಕತೆ ಏನೇ ಇರಲಿ, ಈ ಒಂದು ವಿಷಯದಲ್ಲಿ ನನಗೆ ಅವರೇ ಗುರು. ಕ್ವಾರ್ಟರ್ಸ್ ಬಿಟ್ಟು ನೆಲಮಹಡಿಯ ರೂಮಿಗೆ ಬಂದಿದ್ದೇನೆ.

7. ಇಂಗ್ಲಿಷ್ ಬಾರದ ಹುಡುಗಿಗೂ ಹೊಣೆ ಹೊರುವ ತೋಳಿದೆ

ನಾನು ಗದಗ-ಬೆಟಗೇರಿಯವಳು, ಬಾಸೆಲ್ ಮಿಷನ್ನಿನ ಮನೆತನ. ನಮ್ಮ ಸಭೆಯ ಹಿರಿಯರು, ಮೋಗ್ಲಿಂಗ್ ಮಂಗಳೂರಿಗೆ ಬಂದು ಹುಡುಗರನ್ನು ಜೊತೆಯಲ್ಲಿರಿಸಿಕೊಂಡು ಕಲಿಸಿದ್ದನ್ನು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದದ್ದನ್ನು, ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸಿದ್ದನ್ನು ಭಕ್ತಿಯಿಂದ ಹೇಳುತ್ತಿದ್ದರು. ಆ ಜರ್ಮನರು ಕನ್ನಡ ಕಲಿತು ಕೆಲಸ ಮಾಡಿದರು. ನನ್ನ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ಸೆಕ್ರೆಟರಿಗಳ ಆಯ್ಕೆಯ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಬೇರೆ ರಾಜ್ಯದ ಮಕ್ಕಳಿದ್ದಾರೆ, ಎಲ್ಲರಿಗೂ ಅರ್ಥವಾಗಬೇಕು ಎಂಬುದು ನನ್ನ ಸಮಾಧಾನ. ಹಾಗೆ ಮಾಡಿ ಸಿಂಧನೂರು, ಹುಣಸೂರು, ಪಾವಗಡದಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕೂರಿಸಿದೆ.

ಒಂದು ವರ್ಷ ಸಿಂಧನೂರಿನ ಹುಡುಗಿಗೆ ಮತದಾನದಲ್ಲಿ ಗೆಲುವಾಯಿತು. ಅವಳೇ ಬಂದು “ಮಿಸ್, ನನಗ ಇಂಗ್ಲಿಷ್ ಬರಂಗಿಲ್ರೀ, ಬ್ಯಾರೇದವರಿಗೆ ಕೊಡ್ರಿ” ಎಂದಳು. ನಾನು ಒಪ್ಪಿಬಿಡುವವಳಿದ್ದೆ. ಅವಳ ಮಲಯಾಳಿ ರೂಮ್‌ಮೇಟ್ ತಡೆದಳು. ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿಗೆ ನಿಲ್ಲಬೇಕಾಯಿತು. ಟ್ಯಾಂಕರಿನವನ ಜೊತೆ ಮಾತಾಡಿ ಹೊತ್ತು ಗೊತ್ತುಮಾಡಿದವಳು, ವಾಚ್‌ಮ್ಯಾನ್, ಆಯಾ, ಪಂಪಿನ ಹುಡುಗ ಎಲ್ಲರನ್ನೂ ಒಗ್ಗೂಡಿಸಿ ಪ್ರತಿ ಮಹಡಿಗೆ ಎಷ್ಟು ಬಕೆಟ್ ಎಂದು ಹಂಚಿದವಳು ಅವಳೇ. ಇಂಗ್ಲಿಷಿನ ಮೀಟಿಂಗುಗಳಲ್ಲಿ ಕನ್ನಡದಲ್ಲೇ ಮಾತಾಡಿದಳು, ಗೆಳತಿ ಅನುವಾದಿಸಿದಳು. ವರ್ಷದ ಕೊನೆಗೆ ಮಿಜೋ ಹುಡುಗಿಯರು ಅವಳಿಂದ “ನೀರು ಬಂತೇನ್ರೀ” ಕಲಿತಿದ್ದರು. ಈಗ ನೋಟಿಸು ಎರಡೂ ಭಾಷೆಯಲ್ಲಿ. ಸಂದರ್ಶನ ಅವರಿಗೆ ಬೇಕಾದ ಭಾಷೆಯಲ್ಲಿ.

8. ಗೇಟಿನ ಹೊತ್ತನ್ನು ಅವರ ಜೊತೆ ಕೂತು ಮಾತಾಡಬೇಕು

ಇದರಲ್ಲಿ ನಾನು ಇನ್ನೂ ಗೆದ್ದಿಲ್ಲ. ನಮ್ಮ ಹೆಣ್ಣುಮಕ್ಕಳ ಗೇಟು ಏಳೂವರೆಗೆ ಮುಚ್ಚುತ್ತದೆ, ಗಂಡುಮಕ್ಕಳದು ಒಂಬತ್ತೂವರೆಗೆ. ಮಾನ್ಯತಾ ಟೆಕ್‌ಪಾರ್ಕಿನಲ್ಲಿ ಇಂಟರ್ನ್‌ಶಿಪ್ ಮಾಡುವವಳು ಆರಕ್ಕೆ ಹೊರಟರೂ ಹೆಬ್ಬಾಳದ ಫ್ಲೈಓವರ್ ದಾಟಿ ಏಳೂವರೆಗೆ ತಲುಪುವುದು ಖಾತ್ರಿಯಿಲ್ಲ. ಐದು ನಿಮಿಷ ತಡವಾಗಿ ಓಡಿ ಬಂದವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ, ಪೋಷಕರಿಗೆ ಫೋನ್ ಮಾಡಿದ್ದೇನೆ. ಒಬ್ಬಳ ತಂದೆ ಆ ಒಂದು ಫೋನಿಗೇ ಮಗಳನ್ನು ಓದು ಬಿಡಿಸಿ ಕರೆದುಕೊಂಡು ಹೋದರು. ನಾನು ಅವರ ಊರಿಗೇ ಹೋಗಿ ಬೇಡಿಕೊಂಡೆ. ಅವರು ಕಾಫಿ ಕೊಟ್ಟರು, ಮಗಳನ್ನು ಕಳಿಸಲಿಲ್ಲ. ನನ್ನ ಕೆಲಸದಲ್ಲಿ ಆದದ್ದರಲ್ಲೆಲ್ಲ ದೊಡ್ಡ ಅನ್ಯಾಯ ಇದೇ, ಅದಕ್ಕೆ ಪರಿಹಾರವೂ ಇಲ್ಲ.

2015ರಲ್ಲಿ ದೆಹಲಿಯ ಹುಡುಗಿಯರು ಹಾಸ್ಟೆಲ್ ಗೇಟಿನ ಹೊತ್ತಿನ ವಿರುದ್ಧ ‘ಪಿಂಜ್ರಾ ತೋಡ್’ (ಪಂಜರ ಮುರಿ) ಎಂದು ಬೀದಿಗಿಳಿದಾಗ ನಮ್ಮ ಜನರಲ್ ಸೆಕ್ರೆಟರಿ ಪತ್ರಿಕೆಯ ಆ ತುಣುಕನ್ನು ಕತ್ತರಿಸಿ ನನಗೆ ತೋರಿಸಿದ್ದಳು. ನಾನು, ಇಲ್ಲಿ ಅದೆಲ್ಲ ನಡೆಯೋಲ್ಲಮ್ಮ ಎಂದಿದ್ದೆ. ಇತ್ತೀಚಿನ ಲೀಡರ್‌ಗಳು ಬೇರೆ ದಾರಿ ಹಿಡಿದಿದ್ದಾರೆ. ಗೇಟ್ ರಿಜಿಸ್ಟರನ್ನು ತಿರುವಿ, ತಡವಾದ ಪ್ರತಿಯೊಬ್ಬರೂ ಎಲ್ಲಿಂದ ಬಂದರು, ಯಾವ ಬಸ್ಸು, ಎಲ್ಲಿ ಸಿಕ್ಕಿಕೊಂಡರು ಎಂದು ಪಟ್ಟಿ ಮಾಡಿದ್ದಾರೆ. ತಡವಾಗುವುದಾದರೆ ಫ್ಲೋರ್ ಲೀಡರ್‌ಗೆ ಫೋನ್, ಬಸ್‌ಸ್ಟಾಪಿನಿಂದ ಇಬ್ಬರು ಜೊತೆಯಾಗಿ ನಡೆದು ಬರುವುದು, ಒಂಬತ್ತರವರೆಗೆ ಕೆಂಪು ಶಾಯಿ ಇಲ್ಲ, ಗಂಡುಮಕ್ಕಳಿಗೂ ಅದೇ ಹೊತ್ತು ಎಂದು ಬರೆದು ಆಡಳಿತ ಮಂಡಳಿಗೆ ಮನವಿ ಕೊಟ್ಟಿದ್ದಾರೆ. ಅದರ ಕೆಳಗೆ ವಾರ್ಡನ್ ಸಹಿಗೆ ಜಾಗ ಬಿಟ್ಟಿದ್ದರು. ಸಹಿ ಹಾಕಿದ್ದೇನೆ. ಹೋದ ಸಭೆಯಲ್ಲಿ ವಿಷಯವನ್ನು ಮುಂದಕ್ಕೆ ಹಾಕಿದರು. ಮುಂದಿನ ಸಭೆಗೆ ಫ್ಲೋರ್ ಲೀಡರ್‌ಗಳನ್ನೂ ಒಳಗೆ ಕೂರಿಸ್ಕೊಳ್ಳಿ ಎಂದು ಕೇಳಿದ್ದೇನೆ, ಇಬ್ಬರಿಗೆ ಒಪ್ಪಿದ್ದಾರೆ. ಯಾವ ಇಬ್ಬರು ಹೋಗಬೇಕೆಂದು ಹುಡುಗಿಯರೇ ಈ ಶುಕ್ರವಾರ ಮತ ಹಾಕುತ್ತಾರೆ.